ಹಾರ್ಮೋನ್ ಟೆಸ್ಟ್‌ಗೆ ಹೋಗುವ ಮುನ್ನ ಕ್ಯಾಲೆಂಡರ್ ನೋಡಿ

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಪಿಸಿಓಡಿ’ ಎಂದು ಕಂಡದ್ದೇ ತಡ, ಮಗಳಿಗೆ ಗಡ್ಡೆ ಬೆಳೆದಿದೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಮನೆಮಂದಿ ಕಂಗಾಲಾಗುತ್ತಾರೆ. ಅವು ಗಡ್ಡೆಗಳಲ್ಲ. ಅಂಡಾಣು ಇರುವ ಪುಟ್ಟ ನೀರುಚೀಲಗಳು ಪೂರ್ತಿ ಬೆಳೆಯದೆ ಅರ್ಧಕ್ಕೆ ನಿಂತಿವೆ, ಅಷ್ಟೇ. ಸ್ಕ್ಯಾನಿಂಗ್ ಒಂದನ್ನೇ ನೋಡಿ ಪಿಸಿಓಎಸ್ (ಪಿಸಿಓಡಿ ಎಂದೇ ಜನ ಕರೆಯುವ ಹಾರ್ಮೋನ್ ಏರುಪೇರಿನ ತೊಂದರೆ) ಎನ್ನಲೂ ಆಗದು. 2003ರ ರೋಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಲಕ್ಷಣ ಇರಬೇಕು: ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರುವ ಗುರುತು, ಸ್ಕ್ಯಾನಿಂಗ್‌ನಲ್ಲಿ ಕಂಡ ಅಂಡಾಶಯದ ಬದಲಾವಣೆ. ಇದೇ ಲಕ್ಷಣ ತರುವ ಬೇರೆ ಕಾಯಿಲೆ ಇಲ್ಲವೆಂದೂ ಖಚಿತವಾಗಬೇಕು.

ಮೊದಲು ತಾರೀಖು. ಹಾಲು ತಪ್ಪಿದ ದಿನ, ಸಿಲಿಂಡರ್ ಬದಲಿಸಿದ ದಿನ ಗುರುತು ಹಾಕುವ ಗೋಡೆ ಕ್ಯಾಲೆಂಡರಿನಲ್ಲೇ ಮುಟ್ಟು ಶುರುವಾದ ದಿನಕ್ಕೊಂದು ಸುತ್ತು ಹಾಕಿ. ಒಂದು ಸುತ್ತಿನಿಂದ ಇನ್ನೊಂದಕ್ಕೆ 21 ದಿನಕ್ಕಿಂತ ಕಡಿಮೆ ಅಥವಾ 35ಕ್ಕಿಂತ ಹೆಚ್ಚು ಅಂತರವಿದ್ದರೆ ಅದು ಏರುಪೇರು. ಮೈನೆರೆದು ಮೂರು ವರ್ಷವಾಗದ ಹುಡುಗಿಯರಿಗೆ ಈ ಲೆಕ್ಕ ಹಚ್ಚಬೇಡಿ. ಅವರಿಗೆ 45 ದಿನದವರೆಗೂ ಸಹಜ. 90 ದಿನ ದಾಟಿದರೆ ಮಾತ್ರ ಯಾರೂ ಕಾಯುತ್ತ ಕೂರಬಾರದು. ಮುಟ್ಟು ಬಾರದೆ ಹೋದಷ್ಟೂ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಬಹುದು.

ಆಮೇಲೆ ಕನ್ನಡಿಯ ಮುಂದೆ ನಿಲ್ಲಿ. ಗಲ್ಲ, ಮೇಲ್ದುಟಿ, ಎದೆ, ಹೊಕ್ಕುಳ ಕೆಳಗೆ ಒರಟು ಕಪ್ಪು ಕೂದಲಿದೆಯೇ? ಹಿಂದಿನ ದಿನ ಥ್ರೆಡ್ಡಿಂಗ್ ಮಾಡಿಸಿಕೊಂಡು ಹೋದರೆ ವೈದ್ಯರ ಕಣ್ಣಿಗೆ ಏನೂ ಬೀಳದು, ನಾಚಿಕೆ ಬಿಟ್ಟು ಹೇಳಲೇಬೇಕು. ಮಗಳ ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಕಂಡರೆ ಕಡಲೆಹಿಟ್ಟು, ನಿಂಬೆಹೋಳು ಹಾಕಿ ಉಜ್ಜುವ ತಾಯಂದಿರೇ, ದಯವಿಟ್ಟು ಕೈ ತಡೆಯಿರಿ. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು. ಹೆಚ್ಚಿದ ಇನ್ಸುಲಿನ್ ಅಂಡಾಶಯದಿಂದ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚು ಹೊರಡಿಸುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಲಿವರ್‌ನಲ್ಲಿ ತಗ್ಗಿಸುತ್ತದೆ. ಮೊಡವೆ, ಗಡ್ಡದ ಕೂದಲು, ನೆತ್ತಿ ತೆಳುವಾಗುವುದು ಎಲ್ಲಕ್ಕೂ ಬೇರು ಇಲ್ಲಿದೆ.

ಹಾರ್ಮೋನ್ ಪರೀಕ್ಷೆಗೆ ರಕ್ತ ಕೊಡಲು ಸಾಮಾನ್ಯವಾಗಿ ಮುಟ್ಟಿನ 2ರಿಂದ 5ನೇ ದಿನದ ಬೆಳಗಿನ ಹೊತ್ತು ಒಳ್ಳೆಯದು. ಮುಟ್ಟೇ ಬರುತ್ತಿಲ್ಲವೆಂದರೆ ದಿನವನ್ನು ವೈದ್ಯರೇ ಗೊತ್ತುಮಾಡಲಿ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಟೆಸ್ಟೋಸ್ಟಿರಾನ್ ಅಳೆದರೆ ಕಡಿಮೆ ತೋರುತ್ತದೆ. ಸರಿಯಾದ ಅಂಕಿ ಸಿಗಲು ಮೂರು ತಿಂಗಳ ಬಿಡುವು ಬೇಕು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಅದನ್ನೂ ತಪ್ಪದೆ ತಿಳಿಸಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಟೆಸ್ಟೋಸ್ಟಿರಾನನ್ನು ಸುಳ್ಳಾಗಿ ಹೆಚ್ಚಿಸಿ, ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್‌ ಅನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ.

ರಿಪೋರ್ಟ್ ಕೈಗೆ ಬಂದ ಮೇಲೆ ಒಟ್ಟು ಟೆಸ್ಟೋಸ್ಟಿರಾನ್ ನಾರ್ಮಲ್ ಎಂದು ಅಲ್ಲಿಗೇ ನಿಲ್ಲಿಸಬೇಡಿ. ಎಸ್‌ಎಚ್‌ಬಿಜಿ ತೀರಾ ಕಡಿಮೆಯಿದ್ದರೆ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟಿರಾನ್ ಹೆಚ್ಚೇ ಇರಬಹುದು. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿಪ್ರೊಜೆಸ್ಟಿರಾನ್ ಬರೆದಿದ್ದರೆ ಅವು ಥೈರಾಯ್ಡ್, ಪಿಟ್ಯೂಟರಿ, ಅಡ್ರಿನಲ್ ಗ್ರಂಥಿಗಳ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಎಲ್‌ಎಚ್-ಎಫ್‌ಎಸ್‌ಎಚ್ (ಪಿಟ್ಯೂಟರಿಯಿಂದ ಬರುವ ಎರಡು ಹಾರ್ಮೋನ್‌ಗಳ) ಅನುಪಾತ ಹಿಡಿದು ತಲೆ ಕೆಡಿಸಿಕೊಳ್ಳಬೇಕಿಲ್ಲ, ರೋಗ ನಿರ್ಣಯಕ್ಕೆ ಅದು ಬೇಕಿಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು, ಅಂಡಾಶಯದ ನೀರುಚೀಲಗಳಿಂದ ಬರುವ ಹಾರ್ಮೋನ್ ಅಳೆಯುವ ಎಎಮ್‌ಎಚ್ ಪರೀಕ್ಷೆಯನ್ನೂ ಬಳಸಬಹುದು. ಹದಿಹರೆಯದವರಿಗೆ ಎರಡೂ ಸಲ್ಲ.

ಕೊನೆಗೆ ಸಕ್ಕರೆ. ತೆಳ್ಳಗಿದ್ದೇನೆಂದು ಇದನ್ನು ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ನೀರು ಕುಡಿದು, ಎರಡು ಗಂಟೆಯ ನಂತರ ಮತ್ತೆ ಕೊಡಬೇಕು. ಎರಡನೆಯದು 140 ಮುಟ್ಟಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 200 ಮುಟ್ಟಿದ್ದರೆ ಕಾಯಿಲೆಯೇ. ವೈದ್ಯರ ಬಳಿ ಹೋಗುವಾಗ ಈ ರಿಪೋರ್ಟ್‌ಗಳ ಜೊತೆಗೆ, ಸುತ್ತು ಹಾಕಿದ ಆ ಕ್ಯಾಲೆಂಡರ್ ಹಾಳೆಗಳ ಫೋಟೋವನ್ನೂ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ.