ದೊಡ್ ಕಂಪನಿಗಳ ಥರ ವೆಬ್‌ಸೈಟ್ ಹೋಸ್ಟ್ ಮಾಡೋದು (ಇಂಟರ್ನೆಟ್ಟಲ್ಲಿ ಎಲ್ರಿಗೂ ಸಿಗೋ ಹಾಗೆ ಇಡೋದು), ನಮ್ ತೀರ್ಥಹಳ್ಳಿ ಹೋಂಸ್ಟೇಗೆ ಎಷ್ಟು ಬೇಕೋ ಅಷ್ಟು

ಗೂಗಲ್‌ನೋರು ಸ್ವಂತ ಡೇಟಾ ಸೆಂಟರ್ (ಸರ್ವರ್‌ಗಳು, ಅಂದ್ರೆ ಸೈಟ್ ಇಟ್ಟು ಕಳ್ಸೋ ಕಂಪ್ಯೂಟರ್‌ಗಳು, ಇರೋ ಕಟ್ಟಡ) ಕಟ್ಕೊಂಡಿದಾರೆ, ನೆಟ್‌ಫ್ಲಿಕ್ಸ್ 2016ರಲ್ಲೇ ಪೂರ್ತಿ ಅಮೆಜಾನ್ ಕ್ಲೌಡಿಗೆ, ಅಂದ್ರೆ ಅಮೆಜಾನ್ ಬಾಡಿಗೆಗೆ ಕೊಡೋ ಸರ್ವರ್‌ಗಳಿಗೆ, ಹೋಯ್ತು, ಆದ್ರೆ ವಿಡಿಯೋ ಕಳ್ಸೋಕೆ ಮಾತ್ರ ತನ್ನದೇ ಸರ್ವರ್‌ಗಳನ್ನ ಇಂಟರ್ನೆಟ್ ಕೊಡೋ ಕಂಪನಿಗಳ ಒಳಗೇ ಇಟ್ಟಿದೆ. ಅಂದ್ರೆ ನೋಡೋರಿಗೆ ಹತ್ರ ಇರ್ಬೇಕು ಅಷ್ಟೇ.

ನೀವು ಮೊದ್ಲು ಮನೆ ಕಂಪ್ಯೂಟರಲ್ಲೇ ಸೈಟ್ ಇಡೋ ಆಸೆ ಬಿಡಿ ಮಾರಾಯ್ರೆ, ಮಳೆಗಾಲದಲ್ಲಿ ಆಗುಂಬೆ ಕಡೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರತ್ತೋ ಯಾರಿಗ್ಗೊತ್ತು. ಕ್ಲೌಡ್ ಕಂಪನಿಯ ಮುಂಬೈ ರೀಜನ್ನಲ್ಲಿ (ಆ ಊರಿನ ಡೇಟಾ ಸೆಂಟರ್‌ಗಳಲ್ಲಿ) ಒಂದು ಚಿಕ್ಕ ಲಿನಕ್ಸ್ ಸರ್ವರ್ ಬಾಡಿಗೆಗೆ ತಗೊಂಡು ಎಂಜಿನೆಕ್ಸ್ (ಕೇಳಿದವ್ರಿಗೆ ಪೇಜ್ ಕಳ್ಸೋ ಸಾಫ್ಟ್‌ವೇರ್) ಹಾಕಿ. ಸೈಟಿಗೆ https ಬೀಗ ಹಾಕೋ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಫ್ರೀ, ಅದು ತಾನೇ ರಿನ್ಯೂ ಆಗೋ ಹಾಗೆ ಸೆಟ್ ಮಾಡಿ. ಡೊಮೈನನ್ನ (ಸೈಟಿನ ಹೆಸರನ್ನ) ಕ್ಲೌಡ್‌ಫ್ಲೇರ್ ಅನ್ನೋ ಕಂಪನಿಯ ಫ್ರೀ ಪ್ಲಾನಿಗೆ ತೋರ್ಸಿದ್ರೆ, ಅವ್ರು ಊರೂರಲ್ಲಿ ಕಾಪಿ ಇಟ್ಕೊಳ್ಳೋದ್ರಿಂದ ತೋಟದ ಫೋಟೋಗಳೆಲ್ಲ ನೋಡೋರ ಹತ್ರದ ಸರ್ವರಿಂದ ಹೋಗತ್ತೆ.

ಲೋಡ್ ಬ್ಯಾಲೆನ್ಸರ್ ಅಂದ್ರೆ ಬಂದವರನ್ನ ಹತ್ತಾರು ಸರ್ವರ್‌ಗೆ ಹಂಚೋದು, ಒಂದು ಸತ್ರೂ ಸೈಟ್ ನಿಲ್ಲಲ್ಲ. ನಾಲ್ಕು ರೂಮಿನ ಹೋಂಸ್ಟೇಗೆ ಅದೆಲ್ಲ ದಂಡ.

ಬ್ಯಾಕಪ್ ಮಾತ್ರ ಬಿಡ್ಬೇಡಿ. ದಿನಾ ರಾತ್ರಿ ಬುಕಿಂಗ್ ಡೇಟಾಬೇಸ್ ಕಾಪಿ ಹೈದರಾಬಾದ್ ರೀಜನ್ನಿಗೆ ಹೋಗ್ಲಿ, ತಿಂಗ್ಳಿಗೊಂದ್ಸಲ ಅದನ್ನ ವಾಪಸ್ ತೆರೆದು ನೋಡಿ. ಹಾಂ, ಬಿಲ್ಲಿಂಗ್ ಅಲರ್ಟ್ (ಬಿಲ್ಲು ನೀವಿಟ್ಟ ಮಿತಿ ದಾಟಿದ್ರೆ ಬರೋ ಮೆಸೇಜ್) ಮೊದಲ್ನೇ ದಿನಾನೇ ಹಾಕಿ.