ಜೋರಾಗಿ ಓಡುವ ಕಾರನ್ನು ಮೊದಲು ತೆವಳಿಸಿ ನೋಡಿ

ನನ್ನ ಮೊದಲ ಸ್ಪೋರ್ಟಿ ಸೆಡಾನ್ ಕೊಂಡಿದ್ದು 12 ನಿಮಿಷದ ಟೆಸ್ಟ್ ಡ್ರೈವ್ ನಂಬಿಕೊಂಡು. ಶೋರೂಮಿನವರು ಆರಿಸಿದ ರಸ್ತೆ ನುಣ್ಣಗಿತ್ತು, ಖಾಲಿ ಇತ್ತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ, ಬೆನ್ನು ಸೀಟಿಗೆ ಅಂಟಿಕೊಂಡಿತು, ಅಲ್ಲೇ ಮನಸೋತೆ. 14 ತಿಂಗಳಿಗೆ ಆ ಕಾರನ್ನು ಮಾರಿಬಿಟ್ಟೆ. ಓಟದಲ್ಲಿ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ನಾನು ದಿನಾ ಓಡಿಸುವ 46 ಕಿಲೋಮೀಟರಿನಲ್ಲಿ ಆ ಓಟಕ್ಕೆ ಜಾಗ ಸಿಗುತ್ತಿದ್ದದ್ದು ಒಂದೆರಡು ಕಡೆ ಮಾತ್ರ. ಉಳಿದದ್ದೆಲ್ಲ ಸಿಗ್ನಲ್, ಹಂಪ್, ಕಿತ್ತುಹೋದ ಡಾಂಬರು, ಪಾರ್ಕಿಂಗಿನ ಇಳಿಜಾರು. ಅಲ್ಲೆಲ್ಲ ಆ ಕಾರು ನನ್ನನ್ನೂ ಹಿಂದೆ ಕೂರುತ್ತಿದ್ದ ಅಮ್ಮನನ್ನೂ ಹಣ್ಣುಗಾಯಿ ಮಾಡಿತು.

ಎರಡನೇ ಸಲ ಕೊಳ್ಳುವಾಗ ಮೂರು ವಾರ ತೆಗೆದುಕೊಂಡೆ, ಐದು ಕಾರು ಓಡಿಸಿದೆ. ಆಗ ನನಗೆ ಖಚಿತವಾದ ವಿಷಯ ಇಷ್ಟು: ಈ ವರ್ಗದ ಕಾರುಗಳೆಲ್ಲ ಜೋರಾಗಿಯೇ ಓಡುತ್ತವೆ. ಅದನ್ನು ನೋಡಲು ಟೆಸ್ಟ್ ಡ್ರೈವ್ ಬೇಕಾಗಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಯಲಾಗುವುದು ಗಂಟೆಗೆ 10ರಿಂದ 40 ಕಿಲೋಮೀಟರ್ ವೇಗದಲ್ಲಿ. ಆದ್ದರಿಂದ ನಿಮ್ಮ ಪರೀಕ್ಷೆಯ ಮುಕ್ಕಾಲು ಪಾಲು ನಿಧಾನಕ್ಕೇ ಮೀಸಲಿರಲಿ.

ಹೊರಡುವ ಮೊದಲು

ಒಂದು ಗಂಟೆ ಕಾರು ಕೊಡಿ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಕೊಡದಿದ್ದರೆ ಅದೇ ಮಾದರಿ ಬಾಡಿಗೆಗೆ ಸಿಗುತ್ತದೆಯೇ ನೋಡಿ, ಒಂದು ದಿನದ ಬಾಡಿಗೆ ವ್ಯರ್ಥವಲ್ಲ. ರಸ್ತೆ ನಿಮ್ಮದೇ ಇರಲಿ, ಅಂದರೆ ದಿನಾ ಹೋಗುವ ದಾರಿ, ದಿನಾ ಹೋಗುವ ಹೊತ್ತು. ಜೊತೆಗೆ ಹಿಂದಿನ ಸೀಟಿನಲ್ಲಿ ನಿಜವಾಗಿ ಕೂರುವವರನ್ನು ಕರೆದುಕೊಂಡು ಹೋಗಿ. ಡಿಕ್ಕಿಯಲ್ಲಿ ನಿಜವಾಗಿ ಇಡುವ ಸಾಮಾನನ್ನೂ ಒಯ್ಯಿರಿ. ಸೆಡಾನಿನ ಡಿಕ್ಕಿ ಎಷ್ಟು ಲೀಟರ್ ಎಂಬುದು ಅರ್ಧ ಸತ್ಯ, ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದು ಇನ್ನರ್ಧ. ಅಮ್ಮನ ಮಡಚುವ ವಾಕರ್ ಒಂದು ಕಾರಿನ ಡಿಕ್ಕಿಯೊಳಗೆ ಆರಾಮಾಗಿ ಮಲಗುವಷ್ಟು ಜಾಗವಿತ್ತು, ಆದರೆ ಬಾಯಿಯಲ್ಲಿ ತೂರಲಿಲ್ಲ.

ಸೀಟಿನ ವಿಷಯ ಬೇಗ ಮುಗಿಸುತ್ತೇನೆ. ತಿರುವಿನಲ್ಲಿ ಜಾರದಂತೆ ಹಿಡಿದಿಡುವ ಎತ್ತರದ ಅಂಚುಗಳು ಐದು ನಿಮಿಷ ಖುಷಿ ಕೊಡುತ್ತವೆ. ನೋವು ಶುರುವಾಗುವುದು ಅರ್ಧ ಗಂಟೆಯ ಮೇಲೆ, ಅದೂ ತೊಡೆಯ ಹೊರಬದಿ ಮತ್ತು ಸೊಂಟದಲ್ಲಿ. ಆದ್ದರಿಂದ ಕಾರು ನಿಲ್ಲಿಸಿಯಾದರೂ ಅರ್ಧ ಗಂಟೆ ಕೂತಿರಿ. ಆಮೇಲೆ ನಾಲ್ಕೈದು ಸಲ ಇಳಿದು ಹತ್ತಿ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು.

ಟ್ರಾಫಿಕ್ಕಿನಲ್ಲಿ ಮೊದಲ ಇಪ್ಪತ್ತು ನಿಮಿಷ

ಮ್ಯಾನುಯಲ್ ಗೇರ್ ಆದರೆ ಕ್ಲಚ್ಚಿನಿಂದ ಶುರು ಮಾಡಿ. ಹೆಚ್ಚು ಎಳೆತವನ್ನು ಜಾರದೆ ಹಿಡಿಯಬೇಕಾದ್ದರಿಂದ ಇಂಥ ಕಾರುಗಳ ಕ್ಲಚ್ ಬಿಗಿ ಇರುವುದುಂಟು. ಒಂದು ಸಲ ಒತ್ತಿದರೆ ಏನೂ ಅನ್ನಿಸುವುದಿಲ್ಲ, ನಲವತ್ತನೇ ಸಲಕ್ಕೆ ಎಡಮಂಡಿ ಮಾತಾಡುತ್ತದೆ. ಪೆಡಲ್ ಎಷ್ಟು ಮೇಲೆ ಬಂದಾಗ ಕ್ಲಚ್ ಹಿಡಿದುಕೊಳ್ಳುತ್ತದೆ ನೋಡಿ. ತೀರಾ ಮೇಲಿದ್ದರೆ ಪ್ರತಿ ಸಲವೂ ಕಾಲನ್ನು ಪೂರ್ತಿ ಎತ್ತಬೇಕು. ಇನ್ನೊಂದು ಸಂಗತಿ: ಆಕ್ಸಿಲರೇಟರಿನಿಂದ ಕಾಲು ತೆಗೆದು ಕ್ಲಚ್ ಒತ್ತಿದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುವ ಮುಳ್ಳು ತಕ್ಷಣ ಬೀಳುತ್ತದೆಯೇ, ಒಂದು ಕ್ಷಣ ಮೇಲೇ ನಿಂತಿರುತ್ತದೆಯೇ? ಹೊಗೆಯ ನಿಯಮಗಳಿಗಾಗಿ ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಅದನ್ನು ಬೇಕೆಂದೇ ನಿಧಾನಕ್ಕೆ ಇಳಿಸುತ್ತಾರೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಆ ತಡ ಹೊಂದದಿದ್ದರೆ ಕಾರು ಮುಗ್ಗರಿಸುತ್ತದೆ. ಕೆಲವರಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ನನಗೆ ಆಗಲಿಲ್ಲ.

ತಾನೇ ಗೇರ್ ಬದಲಿಸುವ ಡಿಸಿಟಿ (ಡ್ಯುಯಲ್ ಕ್ಲಚ್) ಗೇರ್‌ಬಾಕ್ಸ್ ಇದ್ದರೆ ಕ್ಲಚ್ ಪೆಡಲ್ ಇಲ್ಲ, ನಿಜ, ಆದರೆ ಒಳಗೆ ಎರಡೆರಡು ಕ್ಲಚ್ ಇವೆ. ಸಾಲಿನಲ್ಲಿ ಇಂಚಿಂಚಾಗಿ ಸರಿಯುವಾಗ ಅವು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತವೆ, ಬಿಸಿಯಾಗುತ್ತವೆ. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಆ ಬಿಸಿಯನ್ನು ಡ್ರೈ ಕ್ಲಚ್ಚಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಕೇಳಿ ತಿಳಿದುಕೊಳ್ಳಿ. ಆಮೇಲೆ ಸಣ್ಣ ಏರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತಿಸಿ, ಅದೇ ಏರಿನಲ್ಲಿ ರಿವರ್ಸ್ ಕೂಡ ಹೋಗಿ. ಅಲ್ಲಿ ನಡುಕವಾಗಲಿ ಜೋಲಿಯಾಗಲಿ ಕಂಡರೆ, ಹೊಸ ಕಾರು ಇದ್ದಾಗಲೇ ಹೀಗೆ ಅಂದ ಮೇಲೆ ಹಳೆಯದಾದಾಗ ಸರಿಹೋಗುತ್ತದೆ ಎಂದು ಕಾಯಬೇಡಿ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಸಾಮಾನ್ಯ ಆಟೋಮ್ಯಾಟಿಕ್ ಗೇರ್ ಬದಲಿಸುವುದು ಒಂದಿಷ್ಟು ನಿಧಾನ, ಆದರೆ ತೆವಳುವುದರಲ್ಲಿ ಅದೇ ಮೇಲು.

ಇದೇ ಟ್ರಾಫಿಕ್ಕಿನಲ್ಲಿ ಎಂಜಿನ್ ಕೂಡ ತನ್ನ ಗುಣ ತೋರಿಸುತ್ತದೆ. ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ಹಾರ್ಸ್ ಪವರ್ ದಿನನಿತ್ಯದ ಓಡಾಟಕ್ಕೆ ಹೆಚ್ಚೇನೂ ಹೇಳುವುದಿಲ್ಲ. ಹೋಂಡಾ ಸಿವಿಕ್ ಕಾರಿನ ಸ್ಪೋರ್ಟಿ ಮಾದರಿಯಾದ ಎಸ್‌ಐ ಇದಕ್ಕೆ ಒಳ್ಳೆಯ ನಿದರ್ಶನ. 2007ರ ಎಸ್‌ಐ ಸೆಡಾನಿನಲ್ಲಿ 2.0 ಲೀಟರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಎಂಜಿನ್ ಇತ್ತು. 197 ಹಾರ್ಸ್ ಪವರ್, ಆದರೆ ಅದು ಸಿಗುತ್ತಿದ್ದದ್ದು 7,800 ಆರ್‌ಪಿಎಂನಲ್ಲಿ. ಸುಮಾರು 188 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತ, ಪೂರ್ತಿ ಕೈಗೆ ಬರಬೇಕಾದರೂ 6,000 ದಾಟಬೇಕಿತ್ತು. 2022ರ ಎಸ್‌ಐನಲ್ಲಿ 1.5 ಲೀಟರಿನ ಟರ್ಬೊ, 200 ಹಾರ್ಸ್ ಪವರ್. ಲೆಕ್ಕಕ್ಕೆ ಮೂರು ಕುದುರೆ ಹೆಚ್ಚು, ಅಷ್ಟೆ. ಆದರೆ 260 ನ್ಯೂಟನ್ ಮೀಟರ್ ಟಾರ್ಕ್ 1,800 ಆರ್‌ಪಿಎಂನಿಂದಲೇ ಸಿಗುತ್ತದೆ. ಮೊದಲನೆಯದು ಕೂಗಿಸಿದರೆ ಮಾತ್ರ ಹಾಡುವ ಎಂಜಿನ್, ಖಾಲಿ ಬೆಟ್ಟದ ದಾರಿಯಲ್ಲಿ ಅದರ ಸುಖವೇ ಬೇರೆ. ಎರಡನೆಯದು ಮೂರನೇ ಗೇರಿನಲ್ಲೇ ಇಡೀ ಊರು ಸುತ್ತುತ್ತದೆ.

ನೋಡುವುದು ಹೀಗೆ: ಮೂರನೇ ಗೇರಿನಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಅರ್ಧ ಮಾತ್ರ ಒತ್ತಿ. ಮನಸ್ಸಿನಲ್ಲಿ ಎಣಿಸಿ. ಕಾರು ಒಂದೇ ಎಣಿಕೆಗೆ ಮುಂದಕ್ಕೆ ಎಳೆಯಿತೋ, ಎರಡು ಮೂರು ಎಣಿಸಿದ ಮೇಲೆ ಒಮ್ಮೆಲೇ ಹಾರಿತೋ? ಹಾಗೆ ಹಾರುವುದು ಟೆಸ್ಟ್ ಡ್ರೈವಿನಲ್ಲಿ ಮಜಾ. ಮುಂದೆ ಬೈಕ್, ಪಕ್ಕದಲ್ಲಿ ಬಸ್ಸು ಇರುವಾಗ ಅದೇ ಸುಸ್ತು. ಸ್ಪೋರ್ಟ್ ಮೋಡ್ ಹಾಕಬೇಡಿ. ನಾರ್ಮಲ್ ಮೋಡಿನಲ್ಲಿ ಇಷ್ಟವಾಗದ ಕಾರು ಸೋಮವಾರ ಬೆಳಿಗ್ಗೆ ಇಷ್ಟವಾಗುವುದಿಲ್ಲ.

ಹಿಂದಿನ ಸೀಟಿನಲ್ಲಿ ಅಮ್ಮನ ಪುಸ್ತಕ

ನಾನು ಹೆಚ್ಚು ಹೊತ್ತು ಕೊಟ್ಟದ್ದು ಸಸ್ಪೆನ್ಷನ್‌ಗೆ. ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಮೊದಲ ಕಾರಿನಲ್ಲಿ ಹಳ್ಳ ಕಂಡಾಗೆಲ್ಲ ಅವರು ಮುಂದಿನ ಸೀಟಿನ ಹಿಂಬದಿಯನ್ನು ಹಿಡಿದುಕೊಳ್ಳುತ್ತಿದ್ದರು, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕನ್ನಡಿಯಲ್ಲಿ ಆ ಬೆರಳುಗಳು ನನಗೆ ಕಾಣುತ್ತಿದ್ದವು.

ಈ ಸಲ ಪ್ರತಿ ಕಾರಿನಲ್ಲೂ ಅವರ ಕೈಗೆ ಒಂದು ಪುಸ್ತಕ ಕೊಟ್ಟೆ. ದಾರಿ ಒಂದೇ, ವೇಗ ಒಂದೇ, ಪುಸ್ತಕವೂ ಒಂದೇ. ಸಣ್ಣ ಅಕ್ಷರದ ಪುಟ ಓದುವುದಕ್ಕೆ ಆಗುತ್ತದೆಯೇ ಎಂಬುದಷ್ಟೇ ಪರೀಕ್ಷೆ. ಒಂದು ಕಾರಿನಲ್ಲಿ ಅರ್ಧ ಪುಟಕ್ಕೇ ಕನ್ನಡಕ ತೆಗೆದು ಮಡಿಲಲ್ಲಿಟ್ಟು, "ಇದರಲ್ಲಿ ಅಕ್ಷರ ನಿಲ್ಲೋದೇ ಇಲ್ಲ ಕಣೇ" ಅಂದರು. ಇನ್ನೊಂದರಲ್ಲಿ ದೊಡ್ಡ ಹಳ್ಳ ಬಂದಾಗ ಮಾತ್ರ ತಲೆಯೆತ್ತಿದರು. ಚಾಲಕನ ಸೀಟಿನಲ್ಲಿ ಕೂತ ನನಗೆ ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸಿತ್ತು. ಸ್ಟೀರಿಂಗ್ ಹಿಡಿದವರಿಗೆ ಮುಂದಿನ ಹಳ್ಳ ಮೊದಲೇ ಕಾಣುತ್ತದೆ, ಮೈ ತಾನಾಗಿ ಸಿದ್ಧವಾಗುತ್ತದೆ. ಹಿಂದೆ ಕೂತವರಿಗೆ ಆ ಸೂಚನೆ ಇರುವುದಿಲ್ಲ. ಹಾಗಾಗಿ ನೀವೂ ಹಿಂದೆ ಕೂತು, ಬೇರೆಯವರಿಂದ ಓಡಿಸಿ ನೋಡಿ.

ಈ ಬಿಗಿತನದ ಒಂದು ಭಾಗ ಟಯರಿನದು. 2022ರ ಸಾಧಾರಣ ಸಿವಿಕ್ ಎಲ್‌ಎಕ್ಸ್‌ನಲ್ಲಿ 215/55 ಆರ್16 ಟಯರು, ಎಸ್‌ಐನಲ್ಲಿ 235/40 ಆರ್18. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಟಯರಿನ ಪಕ್ಕದ ಗೋಡೆ ಎಂಬುದು. ಲೆಕ್ಕ ಹಾಕಿದರೆ ಒಂದರ ಗೋಡೆ 118 ಮಿಲಿಮೀಟರ್, ಇನ್ನೊಂದರದು 94. ಹೊರಗಿನಿಂದ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಎತ್ತರ, ಆದರೆ ಹಳ್ಳದ ಪೆಟ್ಟು ನುಂಗುವ ರಬ್ಬರು ಎರಡೂವರೆ ಸೆಂಟಿಮೀಟರಿನಷ್ಟು ಕಡಿಮೆ. ಆ ಪೆಟ್ಟು ಮೊದಲು ರಿಮ್ಮಿಗೆ, ಆಮೇಲೆ ನಿಮ್ಮ ಬೆನ್ನಿಗೆ. ಒಂದೇ ಕಾರು ಎರಡು ಅಳತೆಯ ಚಕ್ರದಲ್ಲಿ ಸಿಗುವುದಾದರೆ ಚಿಕ್ಕದನ್ನೇ ಆರಿಸಿ ಎಂಬುದು ನನ್ನ ಸಲಹೆ. ನೋಟಕ್ಕೆ ಸ್ವಲ್ಪ ನಷ್ಟ, ಬಾಕಿ ಎಲ್ಲದಕ್ಕೂ ಲಾಭ.

ಗುಂಡಿ ಒತ್ತಿದರೆ ಮೆತ್ತಗಾಗುವ ಅಡಾಪ್ಟಿವ್ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಇದೆ ಎಂದು ಹೇಳಿದರೆ ಸಂತೋಷ, ಆದರೆ ಆ ಮಾತಿಗೇ ಒಪ್ಪಿಬಿಡಬೇಡಿ. ಬದಲಾಗುವುದು ಡ್ಯಾಂಪರ್ ಮಾತ್ರ. ಉಕ್ಕಿನ ಸ್ಪ್ರಿಂಗು ಅದೇ, ಟಯರೂ ಅದೇ. ಕಂಫರ್ಟ್ ಮೋಡಿನಲ್ಲೇ ಕೆಟ್ಟ ರಸ್ತೆಯಲ್ಲಿ ಓಡಿಸಿ ತೀರ್ಮಾನಿಸಿ. ಪರೀಕ್ಷೆಗೆ ಮುಂಚೆ ಟಯರಿನ ಗಾಳಿಯನ್ನೂ ನೋಡಿಕೊಳ್ಳಿ. ಹೆಚ್ಚು ತುಂಬಿಸಿದ್ದರೆ ಒಳ್ಳೆಯ ಕಾರೂ ಕಲ್ಲಿನಂತೆ ಕುಟ್ಟುತ್ತದೆ.

ಇಂಥ ಕಾರುಗಳ ಮೂತಿ ತಗ್ಗಾಗಿರುವುದರಿಂದ ನಾಲ್ಕು ಜನ ಕೂತ ಮೇಲೆ ನಿಮಗೆ ಗೊತ್ತಿರುವ ಅತಿ ದೊಡ್ಡ ಹಂಪ್ ಮತ್ತು ನಿಮ್ಮ ಪಾರ್ಕಿಂಗಿನ ಇಳಿಜಾರು ಎರಡನ್ನೂ ದಾಟಿಸಿ. ಕಾಗದದ ಮೇಲಿನ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಕಾರಿನದು. ಅಗಲದ ಟಯರುಗಳಿಂದಾಗಿ ಚಕ್ರ ತಿರುಗುವುದು ಕಡಿಮೆಯಾಗಿ ಯು ಟರ್ನ್‌ಗೆ ಹೆಚ್ಚು ಜಾಗ ಬೇಕಾಗುವುದುಂಟು. ಅದನ್ನೂ ಒಮ್ಮೆ ತಿರುಗಿಸಿಯೇ ನೋಡಿ.

ಖುಷಿಯನ್ನೂ ನಿಧಾನದಲ್ಲೇ ಹುಡುಕಿ

ಇಷ್ಟೆಲ್ಲ ಹೇಳಿದ್ದಕ್ಕೆ, ಹಾಗಾದರೆ ಸ್ಪೋರ್ಟಿ ಕಾರು ಯಾಕೆ ಎಂದು ಕೇಳಬಹುದು. ನನಗೆ ಈ ಕಾರುಗಳು ನಿಜವಾಗಿ ಇಷ್ಟ. ಆದರೆ ಒಳ್ಳೆಯ ಸ್ಪೋರ್ಟಿ ಸೆಡಾನ್ ಗಂಟೆಗೆ 40 ಕಿಲೋಮೀಟರಿನಲ್ಲೂ ಖುಷಿ ಕೊಡಬೇಕು. ಒಂದು ಸಾಧಾರಣ ತಿರುವು ಸಾಕು. ಸ್ಟೀರಿಂಗ್ ತಿರುಗಿಸುತ್ತಾ ಹೋದಂತೆ ಕೈಗೆ ಭಾರ ಕ್ರಮವಾಗಿ ಏರಬೇಕು, ಮೂತಿ ತಡಮಾಡದೆ ಒಳಗೆ ತಿರುಗಬೇಕು, ನಡುವೆ ಸಣ್ಣ ಉಬ್ಬು ಬಂದರೆ ಕಾರು ಪಕ್ಕಕ್ಕೆ ನೆಗೆಯಬಾರದು. ನೇರ ದಾರಿಯಲ್ಲಿ ಗಟ್ಟಿಯಾಗಿದ್ದು ತಿರುವಿನಲ್ಲಿ ಏನನ್ನೂ ಹೇಳದ ಸ್ಟೀರಿಂಗ್ ಬರೀ ಭಾರ. ಮುಂದಿನ ಚಕ್ರದ ಎಳೆತವಿರುವ ಶಕ್ತಿಶಾಲಿ ಕಾರುಗಳಲ್ಲಿ, ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಸ್ಟೀರಿಂಗ್ ತಾನೇ ಪಕ್ಕಕ್ಕೆ ಎಳೆಯುತ್ತದೆಯೇ ಎಂದು ಒಂದೇ ಒಂದು ಸಲ, ಖಾಲಿ ಜಾಗದಲ್ಲಿ ನೋಡಿ. ಬ್ರೇಕ್ ಪೆಡಲಿನ ಮೊದಲ ಒತ್ತಿಗೇ ಕಚ್ಚಿ ತಲೆ ಮುಂದಕ್ಕೆ ಬಾಗಿದರೆ ಸಿಗ್ನಲ್ ಸಿಗ್ನಲ್ಲಿಗೂ ಹಾಗೇ ಆಗುತ್ತದೆ.

ಕೊನೆಗೆ ಹೆದ್ದಾರಿಗೆ ಹೋಗಿ ಗಂಟೆಗೆ 100ರಲ್ಲಿ ಹತ್ತು ನಿಮಿಷ, ಸ್ಟೀರಿಯೊ ಬಂದ್ ಮಾಡಿ. ಸೈಲೆನ್ಸರಿನ ಗುಯ್‌ಗುಡುವಿಕೆ ಒಂದೇ ಸ್ವರದಲ್ಲಿ ಕಿವಿಗೆ ಕೂತರೆ ದೂರದ ಪ್ರಯಾಣದಲ್ಲಿ ತಲೆನೋವು ಖಂಡಿತ.

ಖರ್ಚಿನ ಮೂರು ಪ್ರಶ್ನೆ ಕೇಳಿ: ಎಷ್ಟು ಆಕ್ಟೇನಿನ ಪೆಟ್ರೋಲ್ ಬೇಕು, ನಾಲ್ಕು ಟಯರಿಗೆ ಎಷ್ಟಾಗುತ್ತದೆ, ವಿಮೆ ಎಷ್ಟು. ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ನಾಕ್ ಆಗದಿರಲು (ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿ ಕುಟ್ಟದಿರಲು) ಕಂಪ್ಯೂಟರ್ ಸ್ಪಾರ್ಕನ್ನು ತಡ ಮಾಡುತ್ತದೆ, ನೀವು ದುಡ್ಡು ಕೊಟ್ಟ ಶಕ್ತಿ ಅಲ್ಲೇ ಸೋರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ

ನಾನು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿಡಿ, ಹೋದ ತಕ್ಷಣ ಬಾನೆಟ್ಟಿಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ನಿನ ಸದ್ದು, ಹೊಗೆ ಎಲ್ಲವೂ ಮೊದಲ ಎರಡು ನಿಮಿಷದಲ್ಲೇ ಗೊತ್ತಾಗುವುದು. ಕ್ಲಚ್ ನೋಡಲು ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟಯರಿನ ಒಳ ಅಂಚಿಗೆ ಕೈಯಾಡಿಸಿ, ಅಲೈನ್‌ಮೆಂಟ್ ಕೆಟ್ಟಿದ್ದರೆ ಅಥವಾ ಕಾರನ್ನು ತಗ್ಗಿಸಿದ್ದರೆ ಅಲ್ಲೇ ಮೊದಲು ಸವೆದಿರುತ್ತದೆ. ರಿಮ್ಮಿನ ಒಳಬದಿಯಲ್ಲಿ ಬಿರುಕು, ಸೊಟ್ಟ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಹೊರಬದಿಯನ್ನು ಬಣ್ಣ ಬಳಿದು ಮುಚ್ಚಬಹುದು. ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಟ್ಯೂನಿಂಗ್ ಬದಲಿಸಿದ್ದಾರೆಯೇ ಎಂದು ನೇರವಾಗಿ ಕೇಳಿ, ಉತ್ತರ ಏನೇ ಇರಲಿ, ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ದೋಷದ ಕೋಡುಗಳನ್ನು ಈಚೆಗಷ್ಟೇ ಅಳಿಸಿದ್ದರೆ ಸ್ಕ್ಯಾನರಿನಲ್ಲಿ ಅದರ ಸುಳಿವು ಸಿಗುತ್ತದೆ.

ಕಾರು ವಾಪಸ್ ಕೊಟ್ಟ ಮೇಲೆ ಬೆಲೆಯ ಮಾತಿಗೆ ಕೂರುವ ಮೊದಲು ಹೊರಗೆ ಬಂದು ಹತ್ತು ನಿಮಿಷ ಬರೆದುಕೊಳ್ಳಿ, ಜೊತೆಗೆ ಬಂದವರ ಮಾತು ಮೊದಲು, ನಿಮ್ಮದು ಆಮೇಲೆ. ನಾನು ಕೊಂಡ ಕಾರಿನ ಚೀಟಿ ಇನ್ನೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ: "ಟಯರ್ ಸದ್ದು ಜಾಸ್ತಿ. ಹಿಂದಿನ ಬಾಗಿಲು ಚಿಕ್ಕದು, ಅಮ್ಮ ತಲೆ ಬಗ್ಗಿಸಬೇಕು. ಕ್ಲಚ್ ಹಗುರ. ನಾಲ್ಕು ಪುಟ ಓದಿದರು."