ಮನೆಯ ಕೆಂಪು ಡಬ್ಬಿ, ಆಸ್ಪತ್ರೆಯ ಕೆಂಪು ಡಬ್ಬಿ

ರಾಜಾಜಿನಗರದ 30 ಹಾಸಿಗೆಗಳ ನರ್ಸಿಂಗ್ ಹೋಮ್ ಒಂದರಲ್ಲಿ ನಾನು ಸೋಂಕು ನಿಯಂತ್ರಣದ ನರ್ಸ್. ಕಸದ ಹೊಣೆಯೂ ನನ್ನದೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂಬ ಪಟ್ಟಿಯನ್ನು ಪ್ರತಿ ವಾರ್ಡಿನ ಗೋಡೆಗೂ ಅಂಟಿಸಿದ್ದೆ, ತರಬೇತಿಯನ್ನೂ ಕೊಟ್ಟಿದ್ದೆ. ಆದರೂ ಕೆಂಪು ಚೀಲ ಕಟ್ಟುವ ಹೊತ್ತಿಗೆ ಇಣುಕಿದರೆ, ಡ್ರಿಪ್ ಕೊಳವೆಗಳ ನಡುವೆ ರಕ್ತ ಮೆತ್ತಿದ ಹತ್ತಿ, ಪ್ಯಾಡ್.

ಬೈದೆ. ನಾಲ್ಕು ದಿನ ಸರಿಹೋಗುತ್ತಿತ್ತು, ಮತ್ತೆ ಅದೇ ಕಥೆ. ಕೊನೆಗೆ ಆಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

“ಸಿಸ್ಟರ್, ಮನೆಯಲ್ಲಿ ಪ್ಯಾಡು, ಬ್ಯಾಂಡೇಜು ಹಾಕುವುದು ಕೆಂಪು ಡಬ್ಬಿಗೇ ಅಲ್ಲವೇ?” ಎಂದರು.

ನಿಜವೇ. ಬೆಂಗಳೂರಿನ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯಲ್ಲಿ ಹಸಿರು ಡಬ್ಬಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಡಬ್ಬಿ ಪ್ಯಾಡ್, ಬ್ಯಾಂಡೇಜುಗಳಂಥ ಕಸಕ್ಕೆ. ಆಸ್ಪತ್ರೆಯಲ್ಲಿ ಮಾತ್ರ ರಕ್ತದ ಹತ್ತಿ ಹಳದಿಗೆ. ಕೆಂಪು ಇರುವುದು ಕೊಳವೆ, ಮೂತ್ರದ ಚೀಲ, ಕೈಗವಸುಗಳಿಗೆ. ಮನೆಯಲ್ಲಿ ಶ್ರದ್ಧೆಯಿಂದ ಕಸ ಬೇರ್ಪಡಿಸುವವರೇ ಇಲ್ಲಿ ತಪ್ಪು ಮಾಡುತ್ತಿದ್ದರು. ಅಂಥವರನ್ನು ಬೈದೆನಲ್ಲ ಎಂದು ಬಹಳ ನೊಂದುಕೊಂಡೆ.

ಅದಲುಬದಲಾದರೆ ಆಗುವ ಹಾನಿ ಸಣ್ಣದಲ್ಲ. ಹಳದಿ ಚೀಲದ್ದನ್ನು ಕುಲುಮೆಯಲ್ಲಿ ಸುಡುತ್ತಾರೆ. ಅದರಲ್ಲಿ ಪಿವಿಸಿ ಕೊಳವೆ ಸೇರಿದರೆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟಬಹುದು. ಕೆಂಪು ಚೀಲದ ಪ್ಲಾಸ್ಟಿಕ್ ಆಟೋಕ್ಲೇವ್ ಎಂಬ ಬಿಸಿ ಹಬೆಯ ಯಂತ್ರದಲ್ಲಿ ಸೋಂಕು ಕಳೆದುಕೊಂಡು, ಚೂರಾಗಿ, ಮರುಬಳಕೆಗೆ ಹೋಗಬೇಕು. ಹತ್ತಿ ಬೆರೆತರೆ ಅದು ಕೆಡುತ್ತದೆ.

ಓದಿ ನೆನಪಿಡುವ ಪಟ್ಟಿಯನ್ನೇ ನಂಬಿ ಕೂರದೆ, ಡಬ್ಬಿಗಳ ಮುಚ್ಚಳದ ಮೇಲೆ ಬಳಸದ ವಸ್ತುಗಳನ್ನೇ ಅಂಟಿಸಿದೆ: ಹಳದಿಗೆ ಹತ್ತಿಯುಂಡೆ, ಕೆಂಪಿಗೆ ಡ್ರಿಪ್ ಕೊಳವೆಯ ತುಂಡು, ನೀಲಿಗೆ ಪುಟ್ಟ ಗಾಜಿನ ಸೀಸೆ. ಡ್ರೆಸ್ಸಿಂಗ್ ಟ್ರಾಲಿಗೇ ಸಣ್ಣ ಹಳದಿ, ಕೆಂಪು ಡಬ್ಬಿಗಳನ್ನೂ ಸೂಜಿಯ ಬಿಳಿ ಡಬ್ಬಿಯನ್ನೂ ಸಿಕ್ಕಿಸಿದೆವು. ಕೈಯಲ್ಲಿದ್ದದ್ದನ್ನು ಹಾಕಲು ಯಾರೂ ಎರಡು ಹೆಜ್ಜೆಯನ್ನೂ ನಡೆಯಬೇಕಾಗಿಲ್ಲ. ವಾರ್ಡಿನ ಬಾಗಿಲಲ್ಲಿ ಹಸಿ ಕಸಕ್ಕೊಂದು ದೊಡ್ಡ ಡಬ್ಬಿ ಇಟ್ಟೆವು. ರೋಗಿಯನ್ನು ನೋಡಲು ಬಂದವರು ತರುವ ಎಳನೀರಿನ ಬುರುಡೆಗಳು ಅದುವರೆಗೆ ಹಳದಿ ಚೀಲ ಸೇರುತ್ತಿದ್ದವು! ಹಸಿ ಬುರುಡೆ ಸುಡಲು ಎಷ್ಟು ಇಂಧನ ವ್ಯರ್ಥ, ಯೋಚಿಸಿ.

ವಾರ್ಡುಗಳಲ್ಲಿ ಈಗ ಹಳದಿ ಚೀಲ ಹಗುರವಾಗಿದೆ. ಶಸ್ತ್ರಚಿಕಿತ್ಸಾ ಕೊಠಡಿ ಮಾತ್ರ ಬಾಕಿ. ಅಲ್ಲಿ ಉಪಕರಣಗಳ ಹೊರಕಾಗದ, ಪ್ಲಾಸ್ಟಿಕ್ ಹೊದಿಕೆ, ರಟ್ಟು, ಎಲ್ಲವೂ ರಕ್ತ ಸೋಕುವ ಮೊದಲೇ ಬಿಚ್ಚಿದ್ದು, ಹಳದಿ ಚೀಲಕ್ಕೇ ಹೋಗುತ್ತಿವೆ. ರೋಗಿಯನ್ನು ಒಳಗೆ ಕರೆತರುವವರೆಗೆ ಒಣ ಕಸದ ಡಬ್ಬಿಯೊಂದೇ ತೆರೆದಿರಲಿ, ಆಮೇಲೆ ಹಳದಿ ಚೀಲ ಬಿಡಿಸಿ ಎಂದು ಸೋಮವಾರದಿಂದ ಹೇಳಿದ್ದೇನೆ.